ಯಾಕಕ್ಕ ತನ್ನ ಕಣ್ಣನ್ನು ಅಳೆದದ್ದು

ನನ್ನ ವಾರಗಿತ್ತಿಗೆ ಹೆತ್ತವರು ಇಟ್ಟ ಹೆಸರು ಚೆಂದದ್ದೇ ಇದೆ, ಆದರೆ ಅದು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವಳು ಯಾಕಕ್ಕ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮತ್ತೆ ಅವಳನ್ನು ಹಾಲಿನ ಮುಂದೆ ನಿಲ್ಲಿಸಿ, ಉಕ್ಕಿದರೆ ಉರಿ ಸಣ್ಣ ಮಾಡು ಎಂದರಂತೆ. ಇವಳು ಹಾಲು ಯಾಕೆ ಉಕ್ಕುತ್ತದೆ, ನೀರು ಯಾಕೆ ಉಕ್ಕುವುದಿಲ್ಲ ಎಂದು ಅವರನ್ನೇ ಕೇಳುತ್ತ ನಿಂತಳಂತೆ. ಅಷ್ಟರಲ್ಲಿ ಹಾಲೆಲ್ಲ ಒಲೆಯ ಪಾಲು. ಅತ್ತೆ ಅವತ್ತು ಸಿಟ್ಟಿನಲ್ಲಿ ಕರೆದ ಹೆಸರು ಹಾಗೇ ಅಂಟಿಕೊಂಡಿತು. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಹೆಸರು ಯಾಕೆ ಅಂಟಿಕೊಳ್ಳುತ್ತದೆ ಎಂದು ಕೇಳಿರಬೇಕು, ಅಷ್ಟೆ.

ಅವಳು ಅಣ್ಣನ ಹೆಂಡತಿ, ಮಹಡಿಯ ಮೇಲಿದ್ದಾಳೆ. ನಾನು ತಮ್ಮನ ಹೆಂಡತಿ, ಕೆಳಗಿದ್ದೇನೆ. ವಾರಗಿತ್ತಿಯರು ಎಂದರೆ ಹಾವು ಮುಂಗುಸಿ ಎಂದು ಲೋಕ ತೀರ್ಮಾನ ಮಾಡಿಬಿಟ್ಟಿದೆ. ನಮ್ಮ ನಡುವೆ ಇದ್ದದ್ದು ಒಂದೇ ಒಂದು ಜಗಳ, ಅದೂ ಮೆಟ್ಟಿಲ ಪಕ್ಕದ ಗೋಡೆಯದು. ಕೆಲವು ವರ್ಷದ ಹಿಂದೆ ಮನೆಗೆ ಸುಣ್ಣಬಣ್ಣ ಮಾಡಿಸಿದಾಗ ಆ ಗೋಡೆಗೆ ನಾನು ತಿಳಿನೀಲಿ ಆರಿಸಿದ್ದೆ. ಸಂಜೆ ಅಕ್ಕ ಮೆಟ್ಟಿಲಿಳಿಯುತ್ತ ನಿಂತು, ಬೂದಿ ಬಣ್ಣ ಯಾಕೆ ಹೊಡೆಸಿದೆ ಎಂದು ಕೇಳಿದಳು. ನಾನು ನೀಲಿ ಎಂದೆ. ಅವಳು ಬೂದಿ ಎಂದಳು. ಮನೆಯ ಗಂಡಸರು ಗೋಡೆ ನೋಡುವ ಬದಲು ಅವಳ ಮುಖ ನೋಡಿದರು. ಬಣ್ಣ ನೋಡಿ ಸಂಬಳ ತೆಗೆದುಕೊಳ್ಳುವವಳು ಅವಳು, ಅವಳು ಹೇಳಿದ ಮೇಲೆ ಮುಗಿಯಿತು ಎಂದರು. ನಾನು ಪೇಂಟರನ್ನು ಕರೆಸಿ ಚೆನ್ನಾಗಿ ಜಾಡಿಸಿದೆ. ಪಾಪ, ಅವನು ಡಬ್ಬಿಯನ್ನೇ ತಂದು ತೋರಿಸಿದ. ಡಬ್ಬಿಯ ಮೇಲೆ ಏನು ಬೇಕಾದರೂ ಬರೆಯಬಹುದು ಎಂದುಕೊಂಡೆ. ಆಮೇಲಾಮೇಲೆ ನನಗೂ ಆ ಗೋಡೆ ಬೂದಿಯಾಗಿಯೇ ಕಾಣತೊಡಗಿತು.

ನಾವಿಬ್ಬರೂ ಕೆಲಸ ಮಾಡುವುದು ಒಂದೇ ಕಡೆ, ಹೊಲಿಗೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ. ಬಣ್ಣವಾಗಿ ಒಣಗಿ ಬಂದ ನೂಲನ್ನು ಬಾಬಿನ್ನಿಗೆ ಸುತ್ತುವ ವಿಭಾಗ ನನ್ನದು. ಅವಳದು ಕಿಟಕಿಯ ಪಕ್ಕದ ಕುರ್ಚಿ. ನೇರ ಬಿಸಿಲು ಬೀಳದ, ದಿನವೆಲ್ಲ ಒಂದೇ ಸಮನೆ ಬೆಳಕು ಬರುವ ಕಿಟಕಿ ಅದು. ಗಿರಾಕಿ ಕೇಳಿದ ಬಣ್ಣ, ಬಣ್ಣದ ತೊಟ್ಟಿಯಿಂದ ಬಂದ ಮೊದಲ ಎಳೆ, ಎರಡನ್ನೂ ನೋಡಿ ಅವಳು 'ಹೂಂ' ಎನ್ನಬೇಕು. ಅವಳು ಹೂಂ ಎನ್ನದೆ ಒಂದು ಲಡಿ ನೂಲೂ ಮುಂದೆ ಹೋಗುವುದಿಲ್ಲ. ನಮಗೆ ನಿಮಗೆ ಬಿಳಿ ಎಂದರೆ ಬಿಳಿ. ಅವಳಿಗೆ ಬಿಳಿಯಲ್ಲಿ ಒಂದು ದೊಡ್ಡ ಸಂಸಾರವೇ ಇತ್ತು. ಕೆನೆಯ ಕಡೆಯದು, ಸುಣ್ಣದ ಕಡೆಯದು, ನೀಲಿಗೆ ವಾಲಿದ್ದು, ವಾಲಲೋ ಬೇಡವೋ ಎಂದು ಅನುಮಾನಿಸುತ್ತಿರುವುದು. ಎರಡು ಎಳೆಗಳನ್ನು ಬೆರಳಿಗೆ ಪಕ್ಕಪಕ್ಕ ಸುತ್ತಿಕೊಂಡು ನೋಡುತ್ತಿದ್ದಳು. ಒಂಟಿ ಬಣ್ಣ ಸುಳ್ಳು ಹೇಳುತ್ತದೆ, ಜೊತೆಗಿಟ್ಟರೆ ಬಾಯಿ ಬಿಡುತ್ತದೆ ಎಂಬುದು ಅವಳ ಮಾತು. ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು ಅಣಕಿಸುತ್ತಿದ್ದರು, ಎಲ್ಲರೂ ಹಾಗೆಯೇ ನಡೆದುಕೊಳ್ಳುತ್ತಿದ್ದರು.

ಆ ಕುರ್ಚಿಯ ಮುಂದೆ ಒಂದು ದಿನ ಕಂಪ್ಯೂಟರ್ ಬಂದು ಕೂತಿತು. ದೂರದೂರಿನ ಗಿರಾಕಿಗಳು ಬಟ್ಟೆಯ ಚೂರು ಕಳಿಸುವುದನ್ನು ನಿಲ್ಲಿಸಿದ್ದರು. ಬಣ್ಣದ ಫೈಲು ಕಳಿಸುತ್ತಾರೆ, ಪರದೆಯ ಮೇಲೆ ನೋಡಿ ಹೊಂದಿಸಬೇಕು ಎಂದು ಕಾರ್ಖಾನೆಯ ಯಜಮಾನರು ಹೇಳಿದರು. ಕಂಪ್ಯೂಟರ್ ಕೂರಿಸಲು ಬಂದವನು ಮಾತು ಕಮ್ಮಿಯ ಮನುಷ್ಯ. ಕೈಯಾಡಿಸಿ ಕೆಡಿಸುತ್ತಾರೆಂಬ ಭಯಕ್ಕೆ ಮೌಸಿನಿಂದ ಸೆಟ್ಟಿಂಗ್ ಬದಲಿಸುವ ಕಿಟಕಿಗಳನ್ನೆಲ್ಲ ಅವನು ತೆಗೆದುಹಾಕಿಬಿಟ್ಟ. ತನಗೆ ಬೇಕಾದಾಗ ಮಾತ್ರ ಒಂದು ಕಪ್ಪು ಚೌಕ ತೆರೆದು ಅದರಲ್ಲಿ ಟಪಟಪ ಟೈಪ್ ಮಾಡುತ್ತಿದ್ದ. ಒಂದು ಸಾಲು ಇವನು ಬರೆದರೆ ಒಂದು ಸಾಲು ಅದು ಬರೆಯುತ್ತಿತ್ತು. ಯಾಕಕ್ಕ ಅವನ ಹಿಂದೆ ನಿಂತು ನೋಡಿದಳು. ಹಿಂದೆ ನಿಂತವಳು ಸುಮ್ಮನಿದ್ದಾಳೆಯೇ? ಅದೇನು, ಇದ್ಯಾಕೆ, ಆ ಬಿಳಿ ಚುಕ್ಕೆ ಯಾಕೆ ಮಿಣುಕುತ್ತಿದೆ ಎಂದು ಶುರು ಮಾಡಿದಳು.

ತಪ್ಪಿಸಿಕೊಳ್ಳಲು ದಾರಿ ಕಾಣದೆ ಅವನು ಅವಳನ್ನೇ ಕುರ್ಚಿಯಲ್ಲಿ ಕೂರಿಸಿ ಮೂರು ನಾಲ್ಕು ಆಜ್ಞೆ ಹೇಳಿಕೊಟ್ಟ. ಲಿಸ್ಟ್ ಎಂದರೆ ಯಂತ್ರ ತನ್ನೊಳಗೆ ಏನೇನು ಹೊಂದಿಕೆ, ಅಂದರೆ ಸೆಟ್ಟಿಂಗ್, ಇದೆ ಎಂದು ಪೂರ್ತಿ ಒದರುತ್ತದೆ. ಗೆಟ್ ಎಂದು ಒಂದು ಹೊಂದಿಕೆಯ ಹೆಸರು ಬರೆದರೆ ಅದು ಈಗ ಹೇಗಿದೆ ಎಂದು ಹೇಳುತ್ತದೆ. ಸೆಟ್ ಎಂದರೆ ಬದಲಾಗುತ್ತದೆ. ರೀಸೆಟ್ ಎಂದರೆ ಮೊದಲಿದ್ದ ಹಾಗೆ ಆಗುತ್ತದೆ.

"ಗೆಟ್ ಅಂದ್ರೆ ಕೇಳೋದು, ಸೆಟ್ ಅಂದ್ರೆ ಹೇಳೋದು," ಎಂದ ಅವನು. "ಹೇಳಿದ್ರೆ ಏನಾದ್ರೂ ಕೆಡಬಹುದು. ಕೇಳಿದ್ರೆ ಏನೂ ಕೆಡಲ್ಲ."

ಈ ಮಾತನ್ನು ಯಾಕಕ್ಕ ಮನೆಗೆ ಬಂದು ನನಗೆ ಹೇಳಿದಳು, ಭಾವನಿಗೆ ಹೇಳಿದಳು, ಮಾರನೆಯ ದಿನ ದಾರಿಯಲ್ಲಿ ನನಗೆ ಮತ್ತೆ ಹೇಳಿದಳು. ಹುಟ್ಟಿದಾಗಿನಿಂದ ಕೇಳಿ ಕೇಳಿ ಬೈಸಿಕೊಂಡವಳು. ತಾಯಿ ಬೈದರು, ಮೇಷ್ಟ್ರು ಬೈದರು, ಅತ್ತೆಯಂತೂ ಹೆಸರೇ ಇಟ್ಟರು. ಭಾವ ಲಿಫ್ಟ್ ರಿಪೇರಿ ಮಾಡುವವರು. ಹೆಂಡತಿ ಯಾಕೆ ಎಂದು ಬಾಯಿ ತೆರೆದರೆ ಯಾವುದಾದರೂ ಲಿಫ್ಟಿನೊಳಗೆ ಹೊಕ್ಕು ಮೇಲಕ್ಕೋ ಕೆಳಕ್ಕೋ ಹೋಗಿಬಿಡುತ್ತಾರೆ. ಕೊನೆಗೂ ಈ ಲೋಕದಲ್ಲಿ ಕೇಳಿದ್ದಕ್ಕೆ ಮುಖ ಸಿಂಡರಿಸದೆ ಉತ್ತರ ಕೊಡುವ ಒಂದು ಜೀವ ಸಿಕ್ಕಿತ್ತು, ಅದಕ್ಕೆ ಜೀವವಿಲ್ಲ ಎಂಬುದೊಂದೇ ಕೊರತೆ.

ಕೆಲಸವಿಲ್ಲದ ಹೊತ್ತಿನಲ್ಲೆಲ್ಲ ಅವಳು ಕಪ್ಪು ಚೌಕ ತೆರೆದು ಕೂರುತ್ತಿದ್ದಳು. ಸ್ಪೀಕರಿನ ದನಿ ಎಷ್ಟಿದೆ ಎಂದು ಕೇಳುವಳು. ಮೌಸಿನ ಓಟ ಎಷ್ಟು ಜೋರು ಎಂದು ಕೇಳುವಳು. ಯಾರೂ ಮುಟ್ಟದಿದ್ದರೆ ಎಷ್ಟು ಹೊತ್ತಿಗೆ ಮಲಗುತ್ತೀಯ ಎಂದು ಕೂಡ ಅದನ್ನು ಕೇಳಿದಳು. ಬೀಗರ ಮನೆಯ ಹುಡುಗನನ್ನು ವಿಚಾರಿಸುವಂತೆ ವಿಚಾರಿಸುತ್ತೀಯಲ್ಲ ಎಂದು ನಾನು ರೇಗಿಸಿದೆ. ಕೇಳುವುದು ಸಾಕಾದ ಮೇಲೆ ಒಮ್ಮೆ ಹೇಳಿಯೂ ನೋಡಿದಳು. ಅಕ್ಷರದ ಗಾತ್ರಕ್ಕೆ ಸೆಟ್ ಎಂದು ಒಂದು ದೊಡ್ಡ ಅಂಕಿ ಬರೆದದ್ದೇ ತಡ, ಪರದೆಯ ಮೇಲೆ ಅಕ್ಷರಗಳು ಕುಂಬಳಕಾಯಿಯಷ್ಟಾದವು. ರೀಸೆಟ್ ಎಂದು ಬರೆಯೋಣವೆಂದರೆ ಒಂದು ಪದ ಬರೆಯಲು ಪರದೆಯೇ ಸಾಲದು. ಕಾಣದಿದ್ದರೂ ಕೈ ನೆನಪಿನಲ್ಲಿ ಪೂರ್ತಿ ಸಾಲು ಒತ್ತಿದಳು, ಅಕ್ಷರಗಳು ಇಳಿದು ತಮ್ಮ ಜಾಗಕ್ಕೆ ಹೋಗಿ ಕೂತವು. ಅವಳು ಹೆದರಲೇ ಇಲ್ಲ ಎಂಬುದು ನನಗೆ ಸೋಜಿಗ. ಹೆದರಿ ಬೆವರಿದವಳು ನಾನು.

ಹೀಗಿರುವಾಗ ಬಿಳಿ ನೂಲು ವಾಪಸ್ ಬರತೊಡಗಿತು. ಕೇಳಿದ್ದು ಅಚ್ಚ ಬಿಳಿ, ಬಂದದ್ದು ಕೆನೆ ಬಿಳಿ ಎಂದು ಗಿರಾಕಿಗಳ ದೂರು. ಮೊದಲ ಸಲ ಬಣ್ಣದ ತೊಟ್ಟಿಯವರನ್ನು ಬೈದರು. ಎರಡನೆಯ ಸಲ ನೀರನ್ನು ಬೈದರು. ಮತ್ತೆ ಬಂದಾಗ ಬೈಯುವುದಕ್ಕೆ ಬೇರೆ ಯಾರೂ ಉಳಿದಿರಲಿಲ್ಲ. ಯಜಮಾನರು ಯಾಕಕ್ಕನನ್ನು ಕರೆದು ಮೆತ್ತಗೆ ಮಾತಾಡಿದರು. ವಯಸ್ಸು ಯಾರನ್ನೂ ಬಿಡುವುದಿಲ್ಲ, ಕಣ್ಣು ಮೊದಲಿನ ಹಾಗೆ ಇರುವುದಿಲ್ಲ, ಬಾಬಿನ್ ವಿಭಾಗಕ್ಕೆ ಹೋಗಿ ಆರಾಮಾಗಿರಿ, ಸಂಬಳಕ್ಕೇನೂ ತೊಂದರೆಯಿಲ್ಲ ಎಂದರು. ತಿಂಗಳ ಕೊನೆಯವರೆಗೆ ನೋಡೋಣ ಎಂದೂ ಸೇರಿಸಿದರು. ಮೆತ್ತಗೆ ಹೇಳಿದ್ದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಆ ಕುರ್ಚಿ ಅವಳಿಗೆ ಬರೀ ಕುರ್ಚಿಯಲ್ಲ. ಯಾಕೆ ಎಂದು ಕೇಳಿದರೆ ಜನ ಎದ್ದು ಹೋಗದೆ ನಿಂತು ಉತ್ತರ ಕೊಡುತ್ತಿದ್ದ ಒಂದೇ ಜಾಗ ಅದು.

ಅವತ್ತು ದಾರಿಯುದ್ದಕ್ಕೂ ನಾನು ಯಜಮಾನರ ಏಳು ತಲೆಮಾರನ್ನು ಬೈಯುತ್ತ ಬಂದೆ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ತಲೆಗೆ ಹುಳ ಬಿಟ್ಟುಕೊಂಡವಳ ಹಾಗೆ ನಡೆಯುತ್ತಿದ್ದಳು. ಮನೆಯ ಬಾಗಿಲಿಗೆ ಬಂದ ಮೇಲೆ ಹೇಳಿದಳು:

"ವಾಪಸ್ ಬಂದಿದ್ದೆಲ್ಲ ನಾನು ಸಂಜೆ ಪಾಸು ಮಾಡಿದ್ದು ಕಣೇ. ಬೆಳಿಗ್ಗೆದು ಒಂದೂ ಬಂದಿಲ್ಲ. ನನ್ನ ಕಣ್ಣೇ ಕೆಟ್ಟಿದ್ರೆ ಬೆಳಿಗ್ಗೆ ಯಾಕೆ ಸರಿ ಇರತ್ತೆ?"

ಆಗ ಅವಳು ಮಾಡಿದ್ದು ಬಣ್ಣ ಹೊಂದಿಸುವವರು ಮಾತ್ರ ಮಾಡುವ ಕೆಲಸ. ಬೆಳಿಗ್ಗೆ ಹೋದ ಕೂಡಲೇ ಲಿಸ್ಟ್ ಎಂದು ಯಂತ್ರದ ಹೊಂದಿಕೆಗಳನ್ನೆಲ್ಲ ಒದರಿಸಿ ಒಂದು ಫೈಲಿನಲ್ಲಿ ಇಟ್ಟಳು. ಸಂಜೆ ಮತ್ತೊಮ್ಮೆ ಒದರಿಸಿ ಇನ್ನೊಂದು ಫೈಲಿನಲ್ಲಿ ಇಟ್ಟಳು. ಬೆರಳಿಗೆ ಎರಡು ಎಳೆ ಸುತ್ತಿಕೊಂಡ ಹಾಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಸಂಜೆಗೆ ಯಂತ್ರದೊಳಗೆ ಏನೋ ಬದಲಾಗಿರಲೇಬೇಕು ಎಂದು ಅವಳ ಲೆಕ್ಕ. ಎರಡೂ ಒಂದೇ. ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ನನಗೆ ಜೀವ ಹೋದ ಹಾಗಾಯಿತು. ಯಂತ್ರದ ತಪ್ಪಲ್ಲ ಎಂದಾದರೆ ಉಳಿದದ್ದು ಒಂದೇ. ಅವಳು ಮಾತ್ರ ಕೂತು ಯೋಚಿಸಿದಳು. ಒಂದೇ ಅಳತೆಯ ಚೀಟಿ ನೋಡಿ ಒಂದೇ ಬಣ್ಣ ಕಲಸಿದರೂ ನೂಲು ಬೇರೆ ಬಣ್ಣಕ್ಕೆ ಬರುವುದುಂಟು ಎಂದಳು. ತೊಟ್ಟಿಯಲ್ಲಿ ಎಷ್ಟು ಹೊತ್ತು ಬಿಟ್ಟರು ಎಂಬುದರ ಮೇಲೂ ಬಣ್ಣ ನಿಂತಿರುತ್ತದಲ್ಲ, ಚೀಟಿ ಬದಲಾಗದಿದ್ದರೂ ಹೊತ್ತು ಬದಲಾಗುತ್ತದೆ. ಹಾಗೆ ಈ ಪಟ್ಟಿಯಲ್ಲಿ ಗಡಿಯಾರ ನೋಡಿ ನಡೆಯುವುದು ಯಾವುದಾದರೂ ಇರಬೇಕು. ಹೊಂದಿಕೆ ಹಾಗೇ ಇರುತ್ತದೆ, ಅದು ಮಾಡುವ ಕೆಲಸ ಮಾತ್ರ ಸಂಜೆಗೆ ಶುರುವಾಗುತ್ತದೆ.

ಆ ಉದ್ದ ಪಟ್ಟಿಯನ್ನು ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದಳು. ವೇಳೆ, ಗಂಟೆ ಎಂಬ ಅರ್ಥದ ಮಾತು ಇರುವ ಕಡೆಯಲ್ಲೆಲ್ಲ ನಿಂತಳು. ಅಲಾರ್ಮಿನದು ಸಿಕ್ಕಿತು, ಬೇಡ. ಮಲಗುವ ಹೊತ್ತಿನದು ಸಿಕ್ಕಿತು, ಬೇಡ. ಕೊನೆಗೆ ನೈಟ್ ಲೈಟ್ ಎಂಬುದೊಂದು ಸಿಕ್ಕಿತು. ಹೊತ್ತು ಮುಳುಗುವಾಗ ತಾನಾಗಿ ಶುರು, ಬೆಳಗಾದರೆ ತಾನಾಗಿ ಬಂದ್. ಅದರ ಕೆಳಗೆ ಒಂದು ಅಂಕಿ. ಆ ಅಂಕಿ ಇಳಿದಷ್ಟೂ ಪರದೆ ಹಳದಿಗೆ ತಿರುಗುತ್ತದೆ. ಸಂಜೆ ಕೆಲಸ ಮಾಡುವವರ ಕಣ್ಣಿಗೆ ತಂಪಾಗಿರಲಿ ಎಂದು ಮಾಡಿದ ಏರ್ಪಾಡಂತೆ. ಕಂಪ್ಯೂಟರಿನವನು ಉಪಕಾರ ಮಾಡಲು ಹೋಗಿ ಅದನ್ನು ಚಾಲೂ ಮಾಡಿಟ್ಟಿದ್ದ. ಪರದೆಯ ಮೇಲಿನ ಅಚ್ಚ ಬಿಳಿ ಸಂಜೆಗೆ ಕೆನೆಯಾಗುತ್ತಿತ್ತು, ಅಕ್ಕ ಕೆನೆಗೆ ಕೆನೆ ಹೊಂದಿಸಿ ಹೂಂ ಎನ್ನುತ್ತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು.

ಯಜಮಾನರನ್ನು ಕರೆದು ಅವರೆದುರೇ ಅವಳು ಸೆಟ್ ಎಂದು ಆ ಸಾಲು ಬರೆದು, ಬೇಡ ಎಂಬ ಅರ್ಥದ ಮಾತು ಸೇರಿಸಿ ಒತ್ತಿದಳು. ಇಳಿಹೊತ್ತಿನ ಪರದೆ ತೊಳೆದಿಟ್ಟಂತೆ ಬೆಳ್ಳಗಾಯಿತು. ಯಜಮಾನರು ಎದ್ದು ನಿಂತು ತಪ್ಪಾಯಿತು ಎಂದರು. ದೊಡ್ಡ ಮನುಷ್ಯರು ಎಲ್ಲರೆದುರು ಹಾಗೆ ಅನ್ನುವುದು ಅಪರೂಪ, ಆ ಮಟ್ಟಿಗೆ ಅವರನ್ನು ಮೆಚ್ಚಬೇಕು. ಕುರ್ಚಿ ಉಳಿಯಿತು. ಬಾಬಿನ್ ವಿಭಾಗದವರೆಲ್ಲ ಚಹಾ ತರಿಸಿಕೊಂಡು ಕುಡಿದೆವು. ನನಗೋ ನೆಲ ಕಾಲಿಗೆ ತಾಗುತ್ತಿರಲಿಲ್ಲ. ಆ ಹುಮ್ಮಸ್ಸಿನಲ್ಲಿ ನನ್ನ ಬಾಯಿಂದ ಒಂದು ಮಾತು ಬಿತ್ತು.

"ಅದಕ್ಕೇ ಸಂಜೆ ಹೊತ್ತು ಆ ಪರದೆ ಚಹಾ ಸೋಸೋ ಬಟ್ಟೆ ಥರ ಇರ್ತಿತ್ತು ನೋಡು. ಅದು ಹಾಗೇ ಏನೋ ಅಂದ್ಕೊಂಡಿದ್ದೆ ನಾನು."

ಅಕ್ಕ ಲೋಟ ಕೆಳಗಿಟ್ಟಳು. "ನಿಂಗೆ ಕಾಣ್ತಿತ್ತಾ?" ಎಂದಳು.

"ಯಾರಿಗೆ ಕಾಣಲ್ಲ?" ಎಂದೆ ನಾನು. ಪಕ್ಕದಲ್ಲಿದ್ದ ಪ್ಯಾಕಿಂಗಿನವಳು ತನಗೂ ಕಂಡಿತ್ತು ಎಂದಳು. ತೊಟ್ಟಿಯವನೂ ತಲೆಯಾಡಿಸಿದ.

ಅವಳು ಲೋಟವನ್ನು ಮತ್ತೆ ಎತ್ತಿಕೊಳ್ಳಲಿಲ್ಲ. ದಾರಿಯಲ್ಲಿ ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದಳು. ಗೆದ್ದು ಬಂದವಳ ನಡಿಗೆ ಅದಾಗಿರಲಿಲ್ಲ. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು, ಬುದ್ಧಿ ನನಗೆ ನಿಧಾನವಾಗಿಯೇ ಬರುತ್ತದೆ. ಬಾಬಿನ್ ಸುತ್ತುವವಳಿಗೆ ಕಂಡದ್ದು, ಪ್ಯಾಕಿಂಗಿನವಳಿಗೆ ಕಂಡದ್ದು, ಬಿಳಿಯ ಸಂಸಾರವನ್ನೆಲ್ಲ ಬಲ್ಲ ಅವಳಿಗೆ ಮಾತ್ರ ಯಾಕೆ ಕಾಣಲಿಲ್ಲ? ಆ ಯಾಕೆಯನ್ನು ಅವಳು ಯಾರ ಬಳಿಯೂ ಕೇಳಲಿಲ್ಲ. ಅವಳು ಬಾಯಿ ಬಿಟ್ಟು ಕೇಳದೆ ನುಂಗಿಕೊಂಡ ಯಾಕೆ ನನಗೆ ಗೊತ್ತಿದ್ದಂತೆ ಅದೊಂದೇ.

ಎರಡು ಮೂರು ದಿನ ಕಳೆದ ಮೇಲೆ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ನನ್ನನ್ನು ಕರೆದಳು. ಕೀಬೋರ್ಡಿನ ಮುಂದೆ ನಾನು ಕೂರಬೇಕು, ಅವಳು ಹೇಳಿದ ಅಂಕಿಯನ್ನು ಒತ್ತಬೇಕು ಎಂದಳು. ನೈಟ್ ಲೈಟನ್ನು ಮತ್ತೆ ಚಾಲೂ ಮಾಡಿ, ಅದರ ವೇಳೆಯನ್ನು ಬದಲಿಸಿ ನಡುಮಧ್ಯಾಹ್ನವನ್ನೇ ಯಂತ್ರಕ್ಕೆ ಸಂಜೆಯೆಂದು ನಂಬಿಸಿದ್ದಳು. ಅದೂ ನಂಬಿಕೊಂಡು ಕೂತಿತ್ತು. ಅಂಕಿಯನ್ನು ಹಳದಿ ಬರದಷ್ಟು ಮೇಲೇರಿಸಿ, ಪರದೆಯ ತುಂಬ ಬರೀ ಬಿಳಿ ತೆರೆದಿಟ್ಟಿದ್ದಳು.

ಅವಳು ಮಾಡಲು ಹೊರಟದ್ದು ಇಷ್ಟು. ಇಷ್ಟು ವರ್ಷ ಲೋಕದ ನೂಲನ್ನೆಲ್ಲ ಜೊತೆಗಿಟ್ಟು ನೋಡಿದವಳು ತನ್ನ ಎರಡು ಕಣ್ಣುಗಳನ್ನು ಜೊತೆಗಿಟ್ಟು ನೋಡಿರಲೇ ಇಲ್ಲ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದರೆ ಒಂದು ಬಿಳಿ, ಬಲಗಣ್ಣು ಮುಚ್ಚಿದರೆ ಇನ್ನೊಂದು ಬಿಳಿ ಎಂದು ಅವಳಿಗೆ ಗೊತ್ತಾಗಿತ್ತು. ಬಲಗಣ್ಣು ಮೋಸ ಮಾಡುತ್ತಿದೆ, ಆದರೆ ಎಷ್ಟು? ಅದನ್ನೇ ಅವಳು ಯಂತ್ರದ ಕೈಲಿ ಹೇಳಿಸಬೇಕೆಂದಿದ್ದಳು. ಪರದೆ ಅಚ್ಚ ಬಿಳಿಯಿದ್ದಾಗ ಬಲಗಣ್ಣಿನಿಂದ ನೋಡಿ ಆ ಬಣ್ಣವನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳುವಳು. ಆಮೇಲೆ ಎಡಗಣ್ಣಿನಿಂದ ನೋಡುತ್ತ ನನಗೆ ಪರದೆಯನ್ನು ಹಳದಿ ಮಾಡಲು ಹೇಳುವಳು. ಎರಡೂ ಒಂದೇ ಅನಿಸಿದಾಗ ನಿಲ್ಲಿಸಬೇಕು. ಆ ಅಂಕಿಯೇ ಅವಳ ಕಣ್ಣಿನ ಅಳತೆ.

ನಾನು ಮೊದಲ ಅಂಕಿ ಒತ್ತಿದೆ. ಪರದೆ ಒಂದಿಷ್ಟೇ ಮಾಸಿತು. ಇನ್ನೂ ಇಳಿಸು ಎಂದಳು. ಇಳಿಸಿದೆ. ಕೆನೆಯಾಯಿತು. ಬಲಗಣ್ಣು ಮುಚ್ಚಿಕೊಂಡು ಎಡಗಣ್ಣಿನಿಂದಲೇ ನೋಡಿ, ಇನ್ನೂ ಎಂದಳು. ನನಗೆ ಅವಳಿಗಿಂತ ಮೊದಲೇ ಸಾಕು ಅನಿಸಿತ್ತು. ಅವಳು ಸಾಕು ಎನ್ನಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ನಾವು ಎಷ್ಟು ಸಲೀಸಾಗಿ ಬೇರೆಯವರಿಗೆ ಅಂದುಬಿಡುತ್ತೇವೆ. ನಾನು ಒಂದೊಂದು ಸಲ ಒತ್ತುವಾಗಲೂ ಇದೇ ಕೊನೆಯದಾಗಲಿ ಎಂದು ಒತ್ತಿದೆ.

"ನಿಲ್ಸು. ಇದೇ," ಎಂದಳು.

ನಾನು ಪರದೆ ನೋಡಿದೆ. ಚಹಾ ಸೋಸುವ ಬಟ್ಟೆಗಿಂತ ಕಡೆ. ಒಣಗಿದ ಎಲೆಯ ಬಣ್ಣ. ಇಷ್ಟು ದಿನ ಅವಳು ಬಲಗಣ್ಣಿನಲ್ಲಿ ನನ್ನ ಮುಖ ನೋಡಿದ್ದು, ಭಾವನ ಮುಖ ನೋಡಿದ್ದು ಈ ಬೆಳಕಿನಲ್ಲಿ. ಆ ಅಂಕಿ ನನಗೆ ಇವತ್ತಿಗೂ ನೆನಪಿದೆ, ಆದರೆ ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಅವಳು ಮಾತ್ರ ಪರದೆಯ ಹತ್ತಿರ ಬಾಗಿ, ಹೊಸ ಊರು ನೋಡುವವಳ ಹಾಗೆ ನೋಡುತ್ತಿದ್ದಳು. ಇಷ್ಟು ಹಳದಿಯಲ್ಲೂ ನಾನು ಬೆಳಗಿನ ನೂಲೆಲ್ಲ ಸರಿಯಾಗಿ ಹೊಂದಿಸಿದೆನಲ್ಲ, ಅದು ಹೇಗೆ ಎಂದು ಕೇಳಿದಳು. ಎರಡೂ ಎಳೆಯನ್ನು ಒಂದೇ ಕೆಟ್ಟ ಕಣ್ಣಿನಿಂದ ನೋಡಿದರೆ ಎರಡೂ ಒಂದೇ ಥರ ಕೆಡುತ್ತವೆ ಎಂದು ಉತ್ತರವನ್ನೂ ತಾನೇ ಹೇಳಿಕೊಂಡಳು. ಇವತ್ತಿನವರೆಗೆ ಹಾಗೇ ದಾಟಿಕೊಂಡು ಬಂದಿದ್ದೆ, ಇನ್ನು ಸ್ವಲ್ಪ ಹದಗೆಟ್ಟರೆ ದಾಟಲು ಆಗುವುದಿಲ್ಲ ಎಂದಳು.

ಆಗ ನನಗೆ ಗೋಡೆ ನೆನಪಾಯಿತು. ನಾನು ಇಷ್ಟು ವರ್ಷ ಸೋತ ಜಗಳವನ್ನು ಗೆದ್ದಿದ್ದೆ. ಹಾಗಾದರೆ ಅವಳ ಕಣ್ಣು ಅವತ್ತಿನಿಂದಲೇ ಹೀಗಿದೆ. ಗೆಲುವು ಎಂಬುದು ಇಷ್ಟು ಕಹಿಯಾಗಿರುತ್ತದೆಂದು ನನಗೆ ತಿಳಿದಿರಲಿಲ್ಲ. ಗೋಡೆಯ ಮಾತನ್ನು ನಾನು ಎತ್ತಲಿಲ್ಲ.

ಎತ್ತಿದ್ದು ಬೇರೆ ಮಾತು. ಈ ವಿಷಯ ನಮ್ಮಿಬ್ಬರಲ್ಲೇ ಇರಲಿ ಎಂದೆ. ಯಜಮಾನರು ಈಗತಾನೇ ತಪ್ಪಾಯಿತು ಎಂದಿದ್ದಾರೆ, ಮತ್ತೆ ಹೋಗಿ ನೀವು ಹೇಳಿದ್ದೇ ಸರಿ, ನನ್ನ ಕಣ್ಣು ಕೆಟ್ಟಿದೆ ಎಂದರೆ ಕೋಲು ಕೊಟ್ಟು ಹೊಡೆಸಿಕೊಂಡಂತಲ್ಲವೇ? ಪೊರೆಯೇ ಇರಬೇಕು, ಗುಟ್ಟಾಗಿ ಆಪರೇಷನ್ ಮಾಡಿಸಿಕೊಂಡು ಬಾ, ಕಾಲು ಉಳುಕಿತ್ತು ಎಂದರಾಯಿತು. ಅವಳು ನನ್ನ ಮಾತನ್ನು ಪೂರ್ತಿ ಕೇಳಿದಳು. ಆಮೇಲೆ ಪರದೆಯನ್ನು ಹಾಗೇ ಬಿಟ್ಟು, ಹೋಗಿ ಯಜಮಾನರನ್ನೇ ಕರೆದುಕೊಂಡು ಬಂದಳು.

ಅವರನ್ನು ತನ್ನ ಕುರ್ಚಿಯಲ್ಲಿ ಕೂರಿಸಿದಳು. ನೈಟ್ ಲೈಟ್ ಮತ್ತೆ ಶುರುವಾಗಿದೆಯಲ್ಲ ಎಂದರು ಅವರು.

"ಇಲ್ಲ, ನಾನೇ ಹಾಕಿದ್ದು," ಎಂದಳು ಅವಳು. "ಆ ಸಂಜೆಗಳ ತಪ್ಪು ಯಂತ್ರದ್ದೇ. ಆದ್ರೆ ಅದು ಹಳದಿ ಆಗಿದ್ದು ನಂಗೆ ಕಾಣ್ಲಿಲ್ಲ, ಅದು ನಂದು. ನನ್ನ ಬಲಗಣ್ಣಿಗೆ ಬಿಳಿ ಅಂದ್ರೆ ಇದು. ನೋಡಿ."

ಯಜಮಾನರು ನೋಡಿದರು. ನೀವಾಗಿ ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ ಎಂದರು. ಗೊತ್ತಾಗುತ್ತಿತ್ತು, ಮುಂದಿನ ನೂಲು ವಾಪಸ್ ಬಂದಾಗ ಎಂದಳು ಇವಳು. ಆಪರೇಷನ್ ಮಾಡಿಸಿಕೊಂಡು ಬನ್ನಿ, ಅಲ್ಲಿಯವರೆಗೆ ಪ್ಯಾಕಿಂಗಿನವಳು ಕೂರಲಿ, ಬಂದ ಮೇಲೆ ನಾಲ್ಕು ಬಿಳಿ ಇಟ್ಟು ನೋಡುತ್ತೇನೆ, ಯಾವುದು ಯಾವ ಬಿಳಿ ಎಂದು ಹೇಳಿದರೆ ಕುರ್ಚಿ ನಿಮ್ಮದು, ಇಲ್ಲದಿದ್ದರೆ ಬಾಬಿನ್ನು ಎಂದರು ಅವರು. ಅವಳು ಹೂಂ ಎಂದಳು, ಎರಡು ಎಳೆ ಸರಿಹೊಂದಿದಾಗ ಅನ್ನುವ ಹೂಂ. ನಾನು ಒಂದು ವಾರ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಇಂಥ ಪ್ರಾಮಾಣಿಕರನ್ನು ಮನೆಯಲ್ಲಿ ಇಟ್ಟುಕೊಂಡವರ ಕಷ್ಟ ಯಾರೂ ಬರೆದಿಲ್ಲ.

ಕಣ್ಣಿನ ಡಾಕ್ಟರಮ್ಮ ಪೊರೆ ಬಲಿತಿದೆ ಎಂದರು. ಕಣ್ಣೊಳಗಿನ ಮಸೂರ ನಿಧಾನವಾಗಿ ಹಳದಿಯಾಗುತ್ತದೆ, ನಿಧಾನವಾದ್ದರಿಂದಲೇ ಗೊತ್ತಾಗುವುದಿಲ್ಲ, ಎಡಗಣ್ಣಿನಲ್ಲೂ ಶುರುವಾಗಿದೆ ಎಂದರು. ನಮ್ಮ ಯಾಕಕ್ಕ ತನ್ನ ಅಂಕಿ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು, ಅದನ್ನು ಹೇಗೆ ಕಂಡುಹಿಡಿದಿರಿ ಎಂದು ಕೇಳಿದರು. ಇವಳಿಗೆ ಇನ್ನೇನು ಬೇಕು? ಹೊರಗೆ ಕಾಯುತ್ತಿದ್ದವರು ಬಾಗಿಲು ಬಡಿಯುವ ತನಕ ಇಬ್ಬರೂ ಒಬ್ಬರನ್ನೊಬ್ಬರು ಯಾಕೆ ಯಾಕೆ ಎಂದು ಕೇಳಿಕೊಂಡರು. ಭಾವ ಆಸ್ಪತ್ರೆಯ ಲಿಫ್ಟಿನಲ್ಲಿ ಎರಡು ಸಲ ಮೇಲೆ ಹೋಗಿ ಕೆಳಗೆ ಬಂದರು. ಲಿಫ್ಟು ಸರಿಯಿದೆಯೋ ನೋಡುತ್ತಿದ್ದೆ ಎಂದರು. ಅವರು ಹೆದರಿದಾಗ ಹಾಗೆಯೇ.

ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ ಕಳಿಸಿದರು. ನಾನೇ ಕೈ ಹಿಡಿದು ಮನೆಗೆ ಕರೆತಂದೆ. ಒಳಗೆ ಬಂದು ಮೆಟ್ಟಿಲ ಬುಡದಲ್ಲಿ ಅವಳು ನಿಂತಳು. ಸುಸ್ತಾಯಿತೇನೋ ಎಂದುಕೊಂಡೆ. ಅವಳು ಕನ್ನಡಕ ಎತ್ತಿದಳು. ಎತ್ತಬಾರದು ಎಂದು ಡಾಕ್ಟರಮ್ಮ ಹೇಳಿದ್ದರು, ನಾನು ಕೈ ಹಿಡಿಯಲು ಹೋದೆ. ಅವಳು ಗೋಡೆ ನೋಡುತ್ತಿದ್ದಳು. ಎಡಗಣ್ಣು ಮುಚ್ಚಿ ನೋಡಿದಳು. ಬಲಗಣ್ಣು ಮುಚ್ಚಿ ನೋಡಿದಳು. ಮತ್ತೆ ಎಡಗಣ್ಣು ಮುಚ್ಚಿದಳು.

"ನೀಲಿ," ಎಂದಳು. "ಎಷ್ಟು ಚೆನ್ನಾಗಿರೋ ನೀಲಿ ಕಣೇ."

ಬೂದಿಯೇ ಇರಬಹುದು ಬಿಡಕ್ಕ ಎಂದು ಏನೋ ಅಂದೆ. ಅವಳು ಅದನ್ನು ಕೇಳಿಸಿಕೊಳ್ಳಲಿಲ್ಲ.

"ನೀನು ಅವತ್ತೇ ಸರಿಯಾಗಿ ಹೇಳಿದ್ದೆ. ಪೇಂಟರ್ ಡಬ್ಬಿ ಬೇರೆ ತಂದು ತೋರಿಸ್ದ. ಮತ್ತೆ ಯಾಕೆ ಸುಮ್ಮನಾದೆ?"

ನಾನು ಗೋಡೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದೆ.

"ನೀನು ನೋಡಿದ್ಮೇಲೆ ನಾನ್ಯಾಕೆ ನೋಡ್ಲಿ ಅಂತ," ಎಂದೆ.

ಅವಳು ಕನ್ನಡಕ ಇಳಿಸಿ ಮೆಟ್ಟಿಲ ಮೇಲೆ ಕೂತಳು. ನನ್ನನ್ನೂ ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು.

"ಇನ್ಮೇಲೆ ನೀನೂ ನೋಡು," ಎಂದಳು.

ಯಜಮಾನರ ನಾಲ್ಕು ಬಿಳಿಗಳನ್ನೂ ಅವಳು ಯಾವುದು ಯಾವುದೆಂದು ಹೇಳಿ, ಅದರಲ್ಲೊಂದು ಎರಡು ತೊಟ್ಟಿಯ ನೂಲು ಬೆರೆತದ್ದು ಎಂದೂ ಸೇರಿಸಿ ಕುರ್ಚಿಗೆ ಮರಳಿದಳು. ಎಡಗಣ್ಣಿನ ಆಪರೇಷನ್ ಇನ್ನೂ ಆಗಬೇಕು. ಆಗುವ ಮುಂಚೆ ಅದರ ಅಂಕಿಯನ್ನೂ ಅಳೆಯಬೇಕಂತೆ, ಒಳ್ಳೆಯ ಕಣ್ಣೆಂದು ಇಷ್ಟು ದಿನ ನಂಬಿದ್ದು ಎಷ್ಟು ಒಳ್ಳೆಯದೆಂದು ನೋಡಬೇಕಂತೆ. ಈಗ ಬಿಳಿ ನೂಲು ಬಂದಾಗಲೆಲ್ಲ ಅವಳು ಬೆರಳಿಗೆ ಎರಡು ಎಳೆ ಸುತ್ತಿಕೊಂಡು ಬಾಬಿನ್ ವಿಭಾಗದ ಕಡೆ ತಿರುಗಿ ನನ್ನನ್ನು ಕರೆಯುತ್ತಾಳೆ. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗುತ್ತೇನೆ. ನೋಡುತ್ತೇನೆ. ಅವಳ ಮುಖ ನೋಡದೆ, ನನಗೆ ಕಂಡದ್ದನ್ನು ಹೇಳುತ್ತೇನೆ.